ಕಂಡಿತೇ, ಕಾಣಲಿಲ್ಲವೇ: ಬೊಂಬೆ ಕಾಳಗದಲ್ಲಿ ನೋಟದ ಗೆರೆಯ ನ್ಯಾಯ

ಮೇಜಿನ ಮೇಲೆ ಥರ್ಮಾಕೋಲಿನಲ್ಲಿ ಕೊರೆದು ಬೂದು ಬಣ್ಣ ಬಳಿದ ಒಂದು ಪಾಳು ಮನೆಯಿದೆ. ಅದರ ಮೇಲಂತಸ್ತಿನ ಒಡೆದ ಕಿಟಕಿಯ ಹಿಂದೆ ಹೆಬ್ಬೆರಳಿನ ಗಾತ್ರದ ಬಂದೂಕುಧಾರಿಯೊಬ್ಬ ಮಂಡಿಯೂರಿ ಕುಳಿತಿದ್ದಾನೆ. ಎರಡು ಅಡಿ ದೂರದಲ್ಲಿ ಉರುಳಿಬಿದ್ದ ಲಾರಿಯ ಆಚೆಯಿಂದ ಎದುರು ಪಕ್ಷದ ಸೇನಾಧಿಕಾರಿಯ ಟೋಪಿಯ ತುದಿಯೂ ಎತ್ತಿ ಹಿಡಿದ ಕತ್ತಿಯೂ ಇಣುಕುತ್ತಿವೆ. ಬಂದೂಕುಧಾರಿಯ ಕಡೆಯವನು ಬಗ್ಗಿ, ಪಾಳು ಮನೆಯ ಹಿಂದೆ ಮುಖ ತಂದು ನೋಡಿ, ‘ಕಾಣ್ತಾನೆ’ ಎನ್ನುತ್ತಾನೆ. ಎದುರಾಳಿ ಮೇಜು ಸುತ್ತಿಕೊಂಡು ಬಂದು ಅದೇ ಜಾಗದಲ್ಲಿ ಬಗ್ಗಿ ನೋಡಿ, ‘ಎಲ್ಲೋ ಕಾಣ್ತಾನೆ? ಬರೀ ಕತ್ತಿ ಕಾಣ್ತಿದೆ’ ಎನ್ನುತ್ತಾನೆ. ಇಬ್ಬರಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ. ಇಬ್ಬರೂ ತಮಗೆ ಕಂಡದ್ದನ್ನೇ ಹೇಳುತ್ತಿದ್ದಾರೆ. ಆದರೂ ಒಂದು ದಾಳ ಉರುಳುವುದೋ ಬೇಡವೋ, ಅದರ ಮೇಲೆ ಎರಡು ಗಂಟೆಯ ಆಟ ಯಾರ ಪಾಲಾಗುವುದೋ, ಎಲ್ಲವೂ ಈ ಒಂದು ಮಾತಿನ ಮೇಲೆ ನಿಂತಿದೆ.

ನಾನು ಬೊಂಬೆ ಕಾಳಗ ಎಂದು ಕರೆಯುತ್ತಿರುವುದು ಆಡುವವರ ಬಾಯಲ್ಲಿ ಮಿನಿಯೇಚರ್ ಗೇಮ್ ಅಥವಾ ವಾರ್‌ಗೇಮ್ ಎನಿಸಿಕೊಳ್ಳುವ ಆಟವನ್ನು. ಬೊಂಬೆಯಾಟ ಎಂದರೆ ನಮಗೆ ಸೂತ್ರದ ಬೊಂಬೆಗಳೇ ನೆನಪಾಗುವುದರಿಂದ ಆ ಹೆಸರನ್ನು ಬಿಟ್ಟಿದ್ದೇನೆ. ಚದುರಂಗದಲ್ಲಿ ಇರುವಂತೆ ಇಲ್ಲಿ ಮನೆಗಳಿಲ್ಲ. ಬೊಂಬೆಗಳು ಟೇಪಿನಲ್ಲಿ ಅಳೆದಷ್ಟು ದೂರ ಎತ್ತ ಬೇಕಾದರೂ ಸರಿಯುತ್ತವೆ, ಹಾರಿಸಿದ ಗುಂಡು ತಗುಲಿತೇ ಎಂಬುದನ್ನು ದಾಳ ಹೇಳುತ್ತದೆ. ದಾಳ ಹಾಕುವ ಮೊದಲು ಎರಡು ಪ್ರಶ್ನೆಗಳಿಗೆ ಉತ್ತರ ಸಿಗಬೇಕು: ಗುರಿ ಗುಂಡು ಮುಟ್ಟುವಷ್ಟು ಹತ್ತಿರದಲ್ಲಿದೆಯೇ, ಗುರಿ ಕಾಣುತ್ತಿದೆಯೇ. ಮೊದಲನೆಯದಕ್ಕೆ ಟೇಪು ಇದೆ, ಅದರ ಅಂಕಿಯನ್ನು ಇಬ್ಬರೂ ಓದಬಹುದು. ಎರಡನೆಯದನ್ನು ಬಹುಮಟ್ಟಿಗೆ ಕಣ್ಣಳತೆಯ ಮೇಲೆಯೇ ತೀರ್ಮಾನಿಸಬೇಕಾಗುತ್ತದೆ. ಆಡುವವರು ಲೈನ್ ಆಫ್ ಸೈಟ್ ಎನ್ನುವ ಈ ನೋಟದ ಗೆರೆ ಮೇಜಿನ ಮೇಲೆ ಎಲ್ಲಿಯೂ ಬರೆದಿರುವುದಿಲ್ಲ. ಅದನ್ನು ಪ್ರತಿ ಬಾರಿಯೂ ಇಬ್ಬರೂ ಸೇರಿ ಊಹಿಸಿಕೊಳ್ಳಬೇಕು.

ಇನ್ನಷ್ಟು ನಿಖರವಾಗಿ ನೋಡಿದರೆ ತಕರಾರು ತೀರುತ್ತದೆ ಎಂದು ನಾನೂ ಬಹಳ ಕಾಲ ನಂಬಿದ್ದೆ. ಲೇಸರ್ ಕೊಂಡೆ, ಚಿಕ್ಕ ಕನ್ನಡಿ ಇಟ್ಟುಕೊಂಡೆ. ಅವು ಉಪಯೋಗಕ್ಕೆ ಬಂದವು, ಆದರೆ ತಕರಾರು ಮಾತ್ರ ಕಡಿಮೆಯಾಗಲಿಲ್ಲ. ಏನನ್ನು ‘ಕಂಡಿತು’ ಎನ್ನಬೇಕು ಎಂಬ ಒಪ್ಪಂದ ಆಟಕ್ಕೆ ಮೊದಲೇ ಆಗಿರಬೇಕು, ಕಾಣುತ್ತದೆಯೇ ಎಂಬ ಪ್ರಶ್ನೆಯನ್ನು ಬೊಂಬೆ ಇಟ್ಟ ಗಳಿಗೆಯಲ್ಲೇ ಕೇಳಬೇಕು. ನೋಟದ ಗೆರೆಯ ನ್ಯಾಯ ಇರುವುದು ಇವೆರಡರಲ್ಲಿ ಎಂಬುದು ಈಗ ನನ್ನ ದೃಢವಾದ ಅಭಿಪ್ರಾಯ. ಅದು ಏಕೆಂದು ತಿಳಿಯಲು ಮೊದಲು ಕಣ್ಣು ಎಲ್ಲೆಲ್ಲಿ ತಪ್ಪುತ್ತದೆ ಎಂಬುದನ್ನು ನೋಡಬೇಕು.

ಈ ಪ್ರಶ್ನೆ ಆಟದ ಹುಟ್ಟಿನಿಂದಲೇ ಬಂದದ್ದಲ್ಲ. ಪ್ರಷ್ಯಾದ ಸೇನಾಧಿಕಾರಿ ರೈಸ್‌ವಿಟ್ಜ್ 1824ರಲ್ಲಿ ರೂಪಿಸಿದ ಕ್ರೀಗ್ಸ್‌ಸ್ಪೀಲ್ ಎಂಬ ಯುದ್ಧದಾಟವನ್ನು 1:8000 ಪ್ರಮಾಣದ ನಕ್ಷೆಯ ಮೇಲೆ ಆಡುತ್ತಿದ್ದರು. ಯಾರಿಗೆ ಯಾರು ಕಾಣುತ್ತಾರೆ ಎಂಬುದನ್ನು ಅಲ್ಲಿ ಮಧ್ಯಸ್ಥನೊಬ್ಬ ತೀರ್ಮಾನಿಸುತ್ತಿದ್ದ, ಮತ್ತು ಎದುರಾಳಿಯ ಕಣ್ಣಿಗೆ ಬಿದ್ದ ದಳಗಳನ್ನು ಮಾತ್ರ ನಕ್ಷೆಯ ಮೇಲೆ ಇಡುತ್ತಿದ್ದ. ಆಟಗಾರರು ತಮ್ಮ ತಮ್ಮಲ್ಲಿ ವಾದಿಸುವ ಪ್ರಸಂಗವೇ ಬರುತ್ತಿರಲಿಲ್ಲ. 1913ರಲ್ಲಿ ಎಚ್. ಜಿ. ವೆಲ್ಸ್ ‘ಲಿಟಲ್ ವಾರ್ಸ್’ ಎಂಬ ಪುಸ್ತಕದಲ್ಲಿ ತಿಳಿಸಿದ ಆಟದಲ್ಲಂತೂ ಸ್ಪ್ರಿಂಗಿನ ಆಟಿಕೆ ಫಿರಂಗಿಯಿಂದ ಸುಮಾರು ಒಂದು ಇಂಚಿನ ಮರದ ತುಂಡನ್ನು ನಿಜವಾಗಿಯೇ ಹಾರಿಸಿ ತವರದ ಸಿಪಾಯಿಗಳನ್ನು ಉರುಳಿಸುತ್ತಿದ್ದರು. ನಡುವೆ ಗೋಡೆ ಇದ್ದರೆ ತುಂಡು ಗೋಡೆಗೆ ಬಡಿಯುತ್ತಿತ್ತು, ಅಲ್ಲಿಗೆ ಮಾತು ಮುಗಿಯುತ್ತಿತ್ತು. ಮಧ್ಯಸ್ಥ ಹೋಗಿ, ಹಾರುವ ತುಂಡೂ ಹೋಗಿ, ದಾಳವೊಂದೇ ಉಳಿದ ಮೇಲೆಯೇ ಕಾಣುತ್ತದೆಯೋ ಇಲ್ಲವೋ ಎಂದು ನಿರ್ಧರಿಸುವ ಹೊರೆ ಆಟದಿಂದ ಲಾಭನಷ್ಟ ಇರುವ ಆ ಇಬ್ಬರ ತಲೆಯ ಮೇಲೆಯೇ ಬಿತ್ತು.

ಈ ಹೊರೆಯನ್ನು ಇಳಿಸಲು ನಿಯಮ ಬರೆಯುವವರು ಹಿಡಿದ ದಾರಿಗಳು ಮುಖ್ಯವಾಗಿ ಎರಡು. ಮೊದಲನೆಯದು ‘ಟ್ರೂ ಲೈನ್ ಆಫ್ ಸೈಟ್’, ಅಂದರೆ ಬೊಂಬೆಯ ನಿಜವಾದ ಆಕಾರ, ಗೋಡೆಯ ನಿಜವಾದ ಆಕಾರ, ಕಿಟಕಿಯ ನಿಜವಾದ ಕಿಂಡಿ, ಇವುಗಳ ನಡುವೆ ಹಾಯುವ ನೇರ ಗೆರೆ. ಬಗ್ಗಿ ಬೊಂಬೆಯ ಕಣ್ಣಿನಿಂದ ನೋಡಿ, ಕಂಡರೆ ಕಂಡಿತು. ಕೇಳುವುದಕ್ಕೆ ಇದಕ್ಕಿಂತ ಸರಳವಾದದ್ದು ಇಲ್ಲ, ಹೊಸಬರಿಗೆ ಹೇಳಿಕೊಡುವುದೂ ಸುಲಭ. ಆದರೆ ‘ಏನು ಕಂಡರೆ’ ಎಂಬ ಪದವನ್ನು ಬಿಡಿಸಿ ಹೇಳದೆ ಈ ನಿಯಮ ನಿಲ್ಲುವುದಿಲ್ಲ. ವಾರ್‌ಹ್ಯಾಮರ್ 40,000 ಆಟವನ್ನೇ ತೆಗೆದುಕೊಳ್ಳಿ. ಅದರ 2008ರ ಐದನೆಯ ಆವೃತ್ತಿಯಲ್ಲಿ ಹೊಡೆಯುವ ಬೊಂಬೆಯ ಕಣ್ಣಿನಿಂದ ಗುರಿಯ ಶರೀರಕ್ಕೆ ಗೆರೆ ಎಳೆಯಬೇಕಿತ್ತು. ತಲೆ, ಮುಂಡ, ಕೈಕಾಲು ಲೆಕ್ಕಕ್ಕೆ ಬರುತ್ತಿದ್ದವು. ಆಯುಧ, ಬಾವುಟ, ರೆಕ್ಕೆ ಬರುತ್ತಿರಲಿಲ್ಲ. ಆ ನಿಯಮದಲ್ಲಿ ನಮ್ಮ ಸೇನಾಧಿಕಾರಿಯ ಕತ್ತಿಗೆ ಬೆಲೆಯಿಲ್ಲ, ಟೋಪಿಯ ತುದಿಯನ್ನು ತಲೆ ಎನ್ನಬಹುದೇ ಎಂಬುದಷ್ಟೇ ಪ್ರಶ್ನೆ. 2017ರ ಎಂಟನೆಯ ಆವೃತ್ತಿಯಲ್ಲಿ ಬೊಂಬೆಯ ಯಾವ ಭಾಗ ಕಂಡರೂ ಸಾಕು ಎಂದಾಯಿತು, ಆಗ ಕತ್ತಿಯ ತುದಿಯೇ ಅವನನ್ನು ಕೊಲ್ಲಿಸಬಲ್ಲುದು. ಮೇಜು, ಬೊಂಬೆಗಳು, ಕೋನ ಯಾವುದೂ ಬದಲಾಗಿಲ್ಲ, ಉತ್ತರ ಬದಲಾಗಿದೆ. ಒಂದು ಆವೃತ್ತಿಯನ್ನು ಬಾಯಿಪಾಠ ಮಾಡಿದವನು ಇನ್ನೊಂದನ್ನು ಓದಿದವನೊಡನೆ ಆಡಲು ಕುಳಿತರೆ ಇಬ್ಬರೂ ಸಾಧುಗಳಾಗಿದ್ದರೂ ಜಗಳ ತಪ್ಪುವುದಿಲ್ಲ.

ನಿಜದ ಆಕಾರವನ್ನೇ ನಂಬುವುದರಲ್ಲಿ ಇನ್ನೊಂದು ತೊಡಕಿದೆ. ಒಂದೇ ಬಗೆಯ ಸಿಪಾಯಿಯ ಎರಡು ಬೊಂಬೆಗಳಲ್ಲಿ ಒಂದು ನಿಂತ ಭಂಗಿಯಲ್ಲೂ ಇನ್ನೊಂದು ಮಲಗಿ ಗುರಿಯಿಡುವ ಭಂಗಿಯಲ್ಲೂ ಇರುತ್ತದೆ. ಮಲಗಿದವನು ಅಡ್ಡಗೋಡೆಯ ಹಿಂದೆ ಪೂರ್ತಿ ಮರೆಯಾಗುತ್ತಾನೆ, ಹಾಗೆಯೇ ಅವನಿಗೆ ಯಾರೂ ಕಾಣುವುದಿಲ್ಲ. ಶಿಲ್ಪಿ ಆ ಭಂಗಿಯನ್ನು ಕೊಟ್ಟದ್ದು ಅಂದಕ್ಕಾಗಿ, ಆಟದಲ್ಲಿ ಅದು ಬಲಾಬಲವಾಗಿ ಪರಿಣಮಿಸುತ್ತದೆ. ಬೇಕೆಂದೇ ಬೊಂಬೆಯ ಕಾಲು ಕತ್ತರಿಸಿ ಕುಳ್ಳಿರಿಸುವವರೂ, ಎತ್ತರದ ಬಂಡೆಯ ಮೇಲೆ ಅಂಟಿಸುವವರೂ ಇದ್ದಾರೆ. ಆಟಗಾರರ ನಡುವೆ ಇದಕ್ಕೆ ‘ಮಾಡೆಲಿಂಗ್ ಫಾರ್ ಅಡ್ವಾಂಟೇಜ್’ ಎಂಬ ಹೆಸರಿದೆ, ಅದು ಬೈಗುಳವೂ ಹೌದು. ಆದರೆ ಅದಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಇದರ ತಿರುಗುಮುರುಗು. ತಿಂಗಳುಗಟ್ಟಲೆ ಕುಳಿತು, ಬಾವುಟ ಬೀಸುತ್ತಾ ಬಂಡೆಯ ಮೇಲೆ ನಿಂತ ಸುಂದರವಾದ ನಾಯಕನನ್ನು ಮಾಡಿದವನು, ಆ ಬಾವುಟದ ತುದಿ ಕಂಡಿತೆಂದು ಮೊದಲ ಸುತ್ತಿನಲ್ಲೇ ಅವನನ್ನು ಕಳೆದುಕೊಳ್ಳುತ್ತಾನೆ. ಚೆನ್ನಾಗಿ ಮಾಡಿದ್ದಕ್ಕೆ ದಂಡ ತೆರುವಂತಹ ನಿಯಮವನ್ನು ನ್ಯಾಯವೆನ್ನಲು ನನಗೆ ಮನಸ್ಸು ಬರುವುದಿಲ್ಲ.

ಇನ್ನು ಕಣ್ಣಿನ ವಿಷಯ. ಬೊಂಬೆಯ ಕಣ್ಣಿನಿಂದ ನೋಡುತ್ತೇವೆ ಎಂದು ಹೇಳುತ್ತೇವೆಯೇ ಹೊರತು ನಮ್ಮ ಕಣ್ಣು ಅಲ್ಲಿಗೆ ಹೋಗುವುದೇ ಇಲ್ಲ. ಬೊಂಬೆಯ ಹಿಂದೆ ಮುಖ ತಂದಾಗ ನಮ್ಮ ಕಣ್ಣು ಸಾಮಾನ್ಯವಾಗಿ ಒಂದು ಗೇಣು ಹಿಂದೆ, ಒಂದೆರಡು ಬೆರಳು ಮೇಲೆ ಇರುತ್ತದೆ. ಇಷ್ಟರಿಂದ ಏನಾಗುತ್ತದೆ ಎಂದು ಒಮ್ಮೆ ಲೆಕ್ಕ ಹಾಕೋಣ. ಬೊಂಬೆಯ ಕಣ್ಣು ಮೇಜಿನಿಂದ 28 ಮಿಲಿಮೀಟರ್ ಮೇಲಿದೆ. ಅದರ ಮುಂದೆ 10 ಸೆಂಟಿಮೀಟರ್ ದೂರದಲ್ಲಿ 35 ಮಿಲಿಮೀಟರ್ ಎತ್ತರದ ಗೋಡೆ, 50 ಸೆಂಟಿಮೀಟರ್ ದೂರದಲ್ಲಿ 32 ಮಿಲಿಮೀಟರ್ ಎತ್ತರದ ಗುರಿ. ಬೊಂಬೆಯ ಕಣ್ಣಿನಿಂದ ಗೋಡೆಯ ತಲೆಯನ್ನು ಸವರಿಕೊಂಡು ಹೋಗುವ ಗೆರೆ 10 ಸೆಂಟಿಮೀಟರಿಗೆ 7 ಮಿಲಿಮೀಟರ್‌ನಂತೆ ಮೇಲೇರುತ್ತಾ ಗುರಿಯ ಹತ್ತಿರ ಬರುವಾಗ 63 ಮಿಲಿಮೀಟರ್ ಎತ್ತರದಲ್ಲಿರುತ್ತದೆ. ಅಂದರೆ ಗುರಿ ಪೂರ್ತಿಯಾಗಿ ಮರೆಯಲ್ಲಿದೆ, ಅದರ ಹೆಚ್ಚುಕಡಿಮೆ ಎರಡರಷ್ಟು ಎತ್ತರದವನಿದ್ದರೂ ಕಾಣುತ್ತಿರಲಿಲ್ಲ ಎನ್ನಬಹುದು. ಈಗ ಆಟಗಾರನ ಕಣ್ಣು ಬೊಂಬೆಗಿಂತ 20 ಸೆಂಟಿಮೀಟರ್ ಹಿಂದೆ, 2 ಸೆಂಟಿಮೀಟರ್ ಮೇಲೆ ಇದೆಯೆನ್ನಿ. ಅಲ್ಲಿಂದ ಹೊರಟು ಗೋಡೆಯ ತಲೆ ಸವರುವ ಗೆರೆ ಕೆಳಕ್ಕೆ ಇಳಿಯುತ್ತಾ ಹೋಗುತ್ತದೆ, ಗುರಿಯ ಹತ್ತಿರ ಸುಮಾರು 18 ಮಿಲಿಮೀಟರ್ ಎತ್ತರಕ್ಕೆ ಬರುತ್ತದೆ. ಸೊಂಟದಿಂದ ಮೇಲೆ ಇಡೀ ಸಿಪಾಯಿ ಅವನಿಗೆ ನಿಚ್ಚಳವಾಗಿ ಕಾಣುತ್ತಾನೆ. ‘ನಾನು ಕಣ್ಣಾರೆ ಕಂಡೆ’ ಎಂದು ಅವನು ಆಣೆ ಇಟ್ಟು ಹೇಳಬಲ್ಲ, ಅದು ನಿಜವೂ ಹೌದು. ಕಂಡದ್ದು ಅವನಿಗೆ, ಬೊಂಬೆಗಲ್ಲ.

ಎಡಬಲದ ತಪ್ಪು ಇದಕ್ಕಿಂತ ನವಿರಾದದ್ದು. ಮನುಷ್ಯನ ಎರಡು ಕಣ್ಣುಪಾಪೆಗಳ ನಡುವಿನ ಅಂತರ ಸುಮಾರು ಆರು ಸೆಂಟಿಮೀಟರಿಗೂ ಸ್ವಲ್ಪ ಹೆಚ್ಚು. ಬೊಂಬೆಗಳ ಬುಡದಲ್ಲಿರುವ ದುಂಡು ಬೇಸ್ 25 ಅಥವಾ 32 ಮಿಲಿಮೀಟರ್ ಅಗಲವಿರುತ್ತದೆ. ಹಾಗಾಗಿ ಎರಡೂ ಕಣ್ಣು ತೆರೆದು ನೋಡುವವನು ಬೊಂಬೆಯ ಎಡಕ್ಕೂ ಬಲಕ್ಕೂ ಚಾಚಿಕೊಂಡ ಒಬ್ಬ ದೈತ್ಯನ ನೋಟವನ್ನು ನೋಡುತ್ತಿರುತ್ತಾನೆ. ಕಂಬದ ಎರಡೂ ಮಗ್ಗುಲು ಅವನಿಗೆ ಒಟ್ಟಿಗೆ ಕಾಣುತ್ತವೆ. ಬಡಗಿಯು ಹಲಗೆಯ ಅಂಚು ನೆಟ್ಟಗಿದೆಯೇ ಎಂದು ನೋಡುವಾಗ ಒಂದು ಕಣ್ಣು ಮುಚ್ಚುವುದನ್ನು ನಾವೆಲ್ಲ ನೋಡಿದ್ದೇವೆ. ಮೇಜಿನ ಮೇಲೆಯೂ ಅದೇ ಮಾಡಬೇಕು: ಒಂದು ಕಣ್ಣು ಮುಚ್ಚಿ, ತೆರೆದ ಕಣ್ಣನ್ನು ಬೊಂಬೆಯ ತಲೆ ಮತ್ತು ಗುರಿ ಎರಡಕ್ಕೂ ಒಂದೇ ಸಾಲಿಗೆ ತಂದು ನೋಡಬೇಕು. ಸಾಧ್ಯವಾದರೆ ಗುರಿಯ ಕಡೆಯಿಂದಲೂ ಹಾಗೆಯೇ ನೋಡಬೇಕು, ಏಕೆಂದರೆ ಮರೆ ಹೊಡೆಯುವ ಬೊಂಬೆಗೆ ಹತ್ತಿರವಿದ್ದಾಗ ಗುರಿಯ ತುದಿಯಿಂದ ಬರುವ ಉತ್ತರವೇ ಹೆಚ್ಚು ನಂಬಿಕೆಗೆ ಅರ್ಹ.

ಮರೆ ಎಷ್ಟು ಹತ್ತಿರವಿದೆ ಎಂಬ ಈ ಮಾತನ್ನು ಸ್ವಲ್ಪ ಬಿಡಿಸಿ ನೋಡುವುದು ಒಳ್ಳೆಯದು. ಬೊಂಬೆ ಗೋಡೆಯ ಮೂಲೆಯಿಂದ 5 ಸೆಂಟಿಮೀಟರ್ ಹಿಂದೆ ನಿಂತಿದೆ, ಗುರಿ ಬೊಂಬೆಯಿಂದ 60 ಸೆಂಟಿಮೀಟರ್ ದೂರದಲ್ಲಿದೆ ಎನ್ನೋಣ. ಬೊಂಬೆಯನ್ನು ಪಕ್ಕಕ್ಕೆ ಒಂದೇ ಒಂದು ಮಿಲಿಮೀಟರ್ ಸರಿಸಿದರೆ ಮೂಲೆಯನ್ನು ಸವರುವ ಗೆರೆ ಗುರಿಯ ಬಳಿ 11 ಮಿಲಿಮೀಟರ್ ಪಕ್ಕಕ್ಕೆ ಹೋಗುತ್ತದೆ. 25 ಮಿಲಿಮೀಟರ್ ಬೇಸಿನ ಹತ್ತಿರಹತ್ತಿರ ಅರ್ಧ! ಬೊಂಬೆಯನ್ನು ಎತ್ತಿ ಇಡುವ ಬೆರಳಿನ ನಡುಕ, ಮೇಜಿಗೆ ತಗುಲಿದ ಮೊಣಕೈ, ಟೇಪನ್ನು ಎಳೆದುಕೊಳ್ಳುವಾಗ ಬೇಸಿಗೆ ಆದ ಸಣ್ಣ ತಾಕು, ಇವುಗಳಲ್ಲಿ ಯಾವುದು ಬೇಕಾದರೂ ಒಂದು ಮಿಲಿಮೀಟರ್ ಸರಿಸಬಲ್ಲದು. ಹೀಗಿರುವಾಗ ಗುಂಡು ಹೊಡೆಯುವ ಹೊತ್ತಿಗೆ ಸೂಕ್ಷ್ಮವಾಗಿ ನೋಡಿ ಕಂಡುಕೊಂಡ ಉತ್ತರ ಆಟಗಾರನ ಜಾಣ್ಮೆಯನ್ನು ತೋರಿಸುತ್ತದೆಯೋ, ಯಾರದೋ ಮೊಣಕೈಯ ಹಾದಿಯನ್ನು ತೋರಿಸುತ್ತದೆಯೋ ಹೇಳಲಾಗುವುದಿಲ್ಲ. ಉಪಕರಣ ಎಷ್ಟು ನಿಖರವಾಗಿದ್ದರೂ, ಅದು ಅಳೆಯುತ್ತಿರುವ ವಸ್ತುವೇ ಅಷ್ಟು ನಿಖರವಾಗಿ ನಿಂತಿಲ್ಲ.

ಹಾಗೆಂದು ಉಪಕರಣಗಳು ಬೇಡವೆಂದಲ್ಲ, ಯಾವುದು ಯಾವ ಪ್ರಶ್ನೆಗೆ ಉತ್ತರ ಕೊಡುತ್ತದೆ ಎಂದು ತಿಳಿದಿರಬೇಕು. ಗಾರೆಯವರು ಕಟ್ಟುವಂತಹ ದಾರವೊಂದನ್ನು ಇಬ್ಬರೂ ಒಂದೊಂದು ತುದಿ ಹಿಡಿದು ಬಿಗಿದರೆ ಗೆರೆ ಇಬ್ಬರ ಕಣ್ಣಿಗೂ ಒಟ್ಟಿಗೆ ಕಾಣುತ್ತದೆ. ಒಬ್ಬ ನೋಡಿ ಇನ್ನೊಬ್ಬನಿಗೆ ವರದಿ ಹೇಳುವ ಪರಿಸ್ಥಿತಿಯೇ ಇರುವುದಿಲ್ಲವಾದ್ದರಿಂದ ನನಗೆ ಅದು ಇಂದಿಗೂ ಪ್ರಿಯ. ಗೆರೆ ಚೆಲ್ಲುವ ಲೇಸರ್ ಮೇಲಿನಿಂದ ಮೇಜಿನ ಮೇಲೆ ಒಂದು ಕೆಂಪು ಸಾಲನ್ನು ಎಳೆಯುತ್ತದೆ. ಎಡಬಲದ ಪ್ರಶ್ನೆಗೆ, ಬೇಸಿನ ಅಂಚಿನಿಂದ ಬೇಸಿನ ಅಂಚಿಗೆ ಗೆರೆ ಎಳೆಯುವ ಆಟಗಳಿಗೆ, ಅದಕ್ಕಿಂತ ಒಳ್ಳೆಯದಿಲ್ಲ. ಆದರೆ ಗೋಡೆಯ ಮೇಲಿಂದ ಕಾಣುತ್ತದೆಯೇ ಎಂಬ ಎತ್ತರದ ಪ್ರಶ್ನೆಗೆ ಆ ಸಾಲು ಉತ್ತರ ಕೊಡಲಾರದು. ಚುಕ್ಕೆ ಲೇಸರಿನ ಚುಕ್ಕೆಯೇ ಎರಡು ಮೂರು ಮಿಲಿಮೀಟರ್ ಅಗಲವಿರುವುದರಿಂದ ಕೂದಲೆಳೆಯ ಅಂತರದ ತಕರಾರಿನಲ್ಲಿ ಅದು ಹೊಸ ತಕರಾರನ್ನೇ ಹುಟ್ಟಿಸುತ್ತದೆ. ಜೊತೆಗೆ ಮೇಜಿನ ಮಟ್ಟದಲ್ಲಿ ಬಗ್ಗಿರುವವರ ಕಣ್ಣಿಗೆ ಬೀಳದಂತೆ ನೋಡಿಕೊಳ್ಳುವ ಜವಾಬ್ದಾರಿಯೂ ಇದೆ. ಎಲ್ಲರ ಜೇಬಿನಲ್ಲೂ ಇರುವ ಮೊಬೈಲು ಅನೇಕ ಸಲ ಇವುಗಳಿಗಿಂತ ಮೇಲು. ಅದನ್ನು ತಲೆಕೆಳಗು ಮಾಡಿ ಹಿಡಿದರೆ ಕ್ಯಾಮೆರಾದ ಮಸೂರ ಮೇಜಿನ ಹತ್ತಿರಕ್ಕೆ, ಬೊಂಬೆಯ ತಲೆಯ ಮಟ್ಟಕ್ಕೆ ಬರುತ್ತದೆ. ನಮ್ಮ ಮುಖ ಹೋಗಲಾರದ ಜಾಗಕ್ಕೆ ಅದು ಹೋಗುತ್ತದೆ, ತೆರೆಯ ಮೇಲಿನ ಚಿತ್ರವನ್ನು ಇಬ್ಬರೂ ಒಟ್ಟಿಗೆ ನೋಡಬಹುದು.

ನಿಯಮ ಬರೆಯುವವರು ಹಿಡಿದ ಎರಡನೆಯ ದಾರಿ ಬೊಂಬೆಯ ಆಕಾರವನ್ನೇ ಮರೆತುಬಿಡುವುದು. ವಾರ್‌ಮೆಷೀನ್ ಆಟದ 2010ರ ಎರಡನೆಯ ಆವೃತ್ತಿಯಲ್ಲಿ ಪ್ರತಿ ಬೊಂಬೆಯೂ ತನ್ನ ಬೇಸಿನ ಮೇಲೆ ನಿಂತ ಒಂದು ಅದೃಶ್ಯ ಉರುಳೆ: 30 ಮಿಲಿಮೀಟರ್ ಬೇಸಿನವು 1.75 ಇಂಚು ಎತ್ತರ, 40 ಮಿಲಿಮೀಟರಿನವು 2.25 ಇಂಚು, 50 ಮಿಲಿಮೀಟರಿನವು 2.75 ಇಂಚು. ಬೊಂಬೆ ಮಲಗಿರಲಿ, ಕುಣಿಯುತ್ತಿರಲಿ, ಬಾವುಟ ಎತ್ತಿರಲಿ, ನೋಟದ ಗೆರೆಗೆ ಆ ಉರುಳೆಯೊಂದೇ ಲೆಕ್ಕ. ಇನ್ಫಿನಿಟಿ ಎಂಬ ಸ್ಪ್ಯಾನಿಷ್ ಆಟ ಇದನ್ನು ಸಿಲೂಯೆಟ್ ಎಂದು ಕರೆಯುತ್ತದೆ. ಆಯಾ ಅಳತೆಗೆ ಕತ್ತರಿಸಿದ ಅಕ್ರಿಲಿಕ್ ತುಂಡನ್ನು ಬೊಂಬೆಯ ಜಾಗದಲ್ಲಿ ನಿಲ್ಲಿಸಿ ನೋಡುವುದು ಅಲ್ಲಿನ ರೂಢಿ. ಆ ಆಟದ ಇನ್ನೊಂದು ವಿವರ ನನಗೆ ಬಹಳ ಮೆಚ್ಚುಗೆ. ಗುರಿಯ ಸಿಲೂಯೆಟ್ಟಿನಲ್ಲಿ ಕನಿಷ್ಠ 3 ಮಿಲಿಮೀಟರ್ ಉದ್ದ 3 ಮಿಲಿಮೀಟರ್ ಅಗಲದ ಚೌಕದಷ್ಟಾದರೂ ಕಾಣಬೇಕು, ಅದಕ್ಕಿಂತ ಕಡಿಮೆ ಕಂಡರೆ ಕಾಣಲಿಲ್ಲ ಎಂದೇ ಅರ್ಥ. 28 ಮಿಲಿಮೀಟರ್ ಬೊಂಬೆಗಳನ್ನು ಸಾಮಾನ್ಯವಾಗಿ 1:56 ಪ್ರಮಾಣ ಎಂದು ಎಣಿಸುತ್ತಾರೆ. ಆ ಲೆಕ್ಕದಲ್ಲಿ ಈ ಚೌಕ ನಿಜ ಜೀವನದ ಸುಮಾರು 17 ಸೆಂಟಿಮೀಟರ್, ಅಂದರೆ ಹೆಚ್ಚುಕಡಿಮೆ ಒಂದು ಮುಖದಷ್ಟು. ಕೂದಲೆಳೆಯ ಸೀಳಿನಿಂದ ಕಂಡಿತು ಎಂಬ ವಾದಕ್ಕೆ ಈ ಒಂದು ವಾಕ್ಯ ಬಾಗಿಲು ಹಾಕುತ್ತದೆ. ತಪ್ಪುವ ಕಣ್ಣಿಗೆ ನಿಯಮದಲ್ಲೇ ಜಾಗ ಮಾಡಿಕೊಟ್ಟದ್ದು ಬಹಳ ವಿವೇಕದ ಕೆಲಸ.

ವಾರ್‌ಹ್ಯಾಮರ್ 40,000 ಕೂಡ ಪಾಳು ಕಟ್ಟಡಗಳ ಮಟ್ಟಿಗೆ ಈ ದಾರಿಗೆ ಬಂದಿದೆ. 2023ರ ಹತ್ತನೆಯ ಆವೃತ್ತಿಯಲ್ಲಿ ಪಾಳು ಕಟ್ಟಡದ ಆಚೆ ನಿಂತವರನ್ನು, ಕೆಲವು ಬಗೆಯ ಭಾರಿ ಬೊಂಬೆಗಳನ್ನು ಬಿಟ್ಟರೆ, ಅದರ ಕಿಟಕಿಗಳ ಮೂಲಕವಾಗಲಿ ಮೇಲಿಂದಾಗಲಿ ನೋಡುವಂತಿಲ್ಲ; ಒಳಗೆ ಇರುವವರನ್ನು ಮಾತ್ರ ನೋಡಬಹುದು. ಎಲ್ಲರ ಮನೆಯ ಪಾಳು ಕಟ್ಟಡಕ್ಕೂ ಒಂದೇ ಸಂಖ್ಯೆಯ ಕಿಟಕಿ ಇರುವುದಿಲ್ಲವಲ್ಲ. ಕಟ್ಟಡ ಮಾಡಿದವನ ಕತ್ತರಿ ಆಟದ ಫಲವನ್ನು ನಿರ್ಧರಿಸದಿರಲು ಇದೊಂದೇ ದಾರಿ. ಇದರಿಂದ ಕಳೆದುಹೋಗುವುದೂ ಇದೆ. ಮೇಜಿನ ಮಟ್ಟಕ್ಕೆ ಬಗ್ಗಿ, ಬೊಂಬೆಯ ಭುಜದ ಮೇಲಿಂದ ಬೀದಿಯನ್ನು ನೋಡುವ ಆ ಕ್ಷಣದಲ್ಲಿ ಮೇಜು ಊರಾಗುತ್ತದೆ. ಈ ಆಟಕ್ಕೆ ನನ್ನನ್ನು ಎಳೆದದ್ದೇ ಆ ನೋಟ. ಕಿಟಕಿ ಕಣ್ಣೆದುರು ತೆರೆದೇ ಇದ್ದು ನಿಯಮ ‘ಅದು ಮುಚ್ಚಿದೆ’ ಎಂದಾಗ ಮನಸ್ಸು ಒಂದು ಗಳಿಗೆ ಒಪ್ಪುವುದಿಲ್ಲ. ಆದರೂ ಬಹುಮಾನವಿರುವ ಪಂದ್ಯದಲ್ಲಿ ನಾನು ಉರುಳೆಯ ಪಕ್ಷ. ಭಾನುವಾರ ಸಂಜೆ ಗೆಳೆಯನೊಡನೆ ಆಡುವಾಗ ಬಗ್ಗಿ ನೋಡುವ ಪಕ್ಷ.

ಎರಡೂ ದಾರಿಗಳಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿ, ನೋಟ ಎರಡೂ ಕಡೆಯಿಂದ ಸಮವೇ ಎಂಬುದು. ಗೆರೆಯನ್ನು ಕಣ್ಣಿನಿಂದ ಶರೀರಕ್ಕೆ ಎಳೆಯುವ ನಿಯಮವಿದ್ದರೆ ನೋಟ ಒಮ್ಮುಖವಾಗಬಹುದು. ಅರ್ಧ ಇಳಿಸಿದ ರೋಲಿಂಗ್ ಶಟರಿನ ಒಳಗೆ ಒಬ್ಬ ನಿಂತಿದ್ದಾನೆ ಎಂದುಕೊಳ್ಳಿ. ಬೀದಿಯಲ್ಲಿರುವವನ ಕಣ್ಣಿಗೆ ಅವನ ಕಾಲು ಕಾಣುತ್ತದೆ, ಹೊಡೆಯಬಹುದು. ಒಳಗಿರುವವನ ಕಣ್ಣಿಗೆ ಶಟರಿನ ತಗಡು ಮಾತ್ರ ಕಾಣುತ್ತದೆ, ತಿರುಗಿ ಹೊಡೆಯಲಾರ. ಗೆರೆಯನ್ನು ಯಾವ ಭಾಗದಿಂದ ಯಾವ ಭಾಗಕ್ಕಾದರೂ ಎಳೆಯಬಹುದಾದರೆ ಈ ವಿಷಮತೆ ಹುಟ್ಟುವುದೇ ಇಲ್ಲ, ಏಕೆಂದರೆ ಅದೇ ಗೆರೆ ತಿರುಗಿಯೂ ಹಾಯುತ್ತದೆ. ಇನ್ಫಿನಿಟಿಯಲ್ಲಂತೂ ನೀನು ನನ್ನನ್ನು ನೋಡಬಲ್ಲೆಯಾದರೆ, ನೀನು ನನ್ನ ಮುಂದಿನ ಅರ್ಧವೃತ್ತದಲ್ಲಿ ಇರುವವರೆಗೆ, ನಾನೂ ನಿನ್ನನ್ನು ನೋಡಬಲ್ಲೆ ಎಂದು ನಿಯಮವೇ ಹೇಳುತ್ತದೆ. ಒಮ್ಮುಖ ನೋಟ ಅನ್ಯಾಯವೆಂದೇನೂ ಇಲ್ಲ. ನಿಜವಾದ ಬೀದಿಯಲ್ಲೂ ಹಾಗಾಗುತ್ತದೆ. ಆದರೆ ಅದು ಸಾಧ್ಯವೇ ಇಲ್ಲವೇ ಎಂಬುದು ಇಬ್ಬರಿಗೂ ಮೊದಲೇ ಗೊತ್ತಿರಬೇಕು.

ಮೊದಲೇ ಎಂಬ ಮಾತಿಗೆ ಬಂದೆವು. ಬೊಂಬೆ ಇಳಿಸುವ ಮುಂಚೆ ಮೇಜಿನ ಸುತ್ತ ಇಬ್ಬರೂ ಒಂದು ಸುತ್ತು ಬರಬೇಕು, ಒಂದೊಂದು ವಸ್ತುವಿನ ಮೇಲೂ ಬೆರಳಿಟ್ಟು ಮಾತನಾಡಬೇಕು. ಈ ಮರಗಳ ಗುಂಪು ತೋಪೇ, ಅಥವಾ ಮೂರು ಬಿಡಿ ಮರಗಳೇ? ತೋಪಾದರೆ ಅದರ ಗಡಿ ಎಲ್ಲಿಯವರೆಗೆ? ಮನೆಯ ನೆಲಮಟ್ಟದ ಕಿಟಕಿಗಳು ತೆರೆದಿವೆಯೇ, ಮುಚ್ಚಿವೆಯೇ? ಅನೇಕ ಟೂರ್ನಮೆಂಟುಗಳಲ್ಲಿ ನೆಲಮಟ್ಟದ ಕಿಂಡಿಗಳೆಲ್ಲ ಮುಚ್ಚಿದವು ಎಂದು ಎಣಿಸುವ ರೂಢಿಯಿದೆ. ಥರ್ಮಾಕೋಲಿನ ತುಂಡು ಮುರಿದು ಗೋಡೆಯಲ್ಲಿ ತೂತು ಬಿದ್ದಿದ್ದರೆ ಅದು ಗುಂಡು ಬಿದ್ದ ತೂತೋ, ಸಾಗಿಸುವಾಗ ಆದ ಗಾಯವೋ? ಐದು ನಿಮಿಷದ ಕೆಲಸ. ಯಾವ ಬೊಂಬೆ ಎಲ್ಲಿ ನಿಲ್ಲುತ್ತದೆ ಎಂದು ಇನ್ನೂ ಯಾರಿಗೂ ಗೊತ್ತಿಲ್ಲದಿರುವುದರಿಂದ ಯಾವ ಉತ್ತರ ಯಾರಿಗೆ ಲಾಭ ಎಂಬುದೂ ಗೊತ್ತಿರುವುದಿಲ್ಲ. ಮನುಷ್ಯ ಅತ್ಯಂತ ನ್ಯಾಯವಾಗಿ ಮಾತನಾಡುವುದು ಆಗಲೇ.

ಆಟ ಸಾಗುವಾಗಲೂ ಇದೇ ತತ್ತ್ವವನ್ನು ಉಳಿಸಿಕೊಳ್ಳಲು ಆಟಗಾರರು ಕಂಡುಕೊಂಡ ಉಪಾಯವನ್ನು ‘ಪ್ಲೇಯಿಂಗ್ ಬೈ ಇಂಟೆಂಟ್’ ಎನ್ನುತ್ತಾರೆ. ಬೊಂಬೆಯನ್ನು ಸರಿಸುವಾಗಲೇ ಉದ್ದೇಶವನ್ನು ಬಾಯಿಬಿಟ್ಟು ಹೇಳುವುದು, ಎದುರಾಳಿ ಆಗಲೇ ನೋಡಿ ಒಪ್ಪುವುದು. ‘ಇವನನ್ನು ಈ ಕಂಬದ ಹಿಂದೆ ನಿಲ್ಲಿಸ್ತಿದೀನಿ ಸರ್. ನಿಮ್ಮ ಮೆಷಿನ್‌ಗನ್‌ಗೆ ಕಾಣಬಾರದು, ಆದರೆ ಗೇಟ್ ಹತ್ರ ಇರೋನು ಇವನಿಗೆ ಕಾಣಬೇಕು. ನೋಡ್ಕೊಳ್ಳಿ, ಸರೀನಾ?’ ಎಂದು ಕೇಳಿದರೆ ಎದುರಾಳಿ ಬಗ್ಗಿ ನೋಡುತ್ತಾನೆ. ಸರಿ ಎನ್ನುತ್ತಾನೆ, ಅಥವಾ ‘ಎರಡೂ ಒಟ್ಟಿಗೆ ಆಗಲ್ಲ, ಗೇಟ್ ಕಾಣಬೇಕಾದರೆ ನನಗೂ ಕಾಣ್ತಾನೆ’ ಎನ್ನುತ್ತಾನೆ. ಆಗಲ್ಲ ಎಂದಾದರೆ ಆಗಲೇ ಬೇರೆ ಯೋಚನೆ ಮಾಡಬಹುದು. ಸರಿ ಎಂದಾದರೆ ಆ ಮಾತು ನಿಂತಿತು. ಆಮೇಲೆ ಮೊಣಕೈ ತಗುಲಿ ಬೊಂಬೆ ಒಂದು ಮಿಲಿಮೀಟರ್ ಸರಿದರೂ, ಮೆಷಿನ್‌ಗನ್ ಇದ್ದಲ್ಲೇ ಇರುವವರೆಗೆ, ಕಾಣುವುದಿಲ್ಲ ಎಂದೇ ಲೆಕ್ಕ. ಹನ್ನೊಂದು ಪಟ್ಟು ಹಿಗ್ಗುವ ಆ ತಪ್ಪಿಗೆ ಇದಕ್ಕಿಂತ ಒಳ್ಳೆಯ ಮದ್ದನ್ನು ನಾನು ಕಂಡಿಲ್ಲ.

ಈ ರೂಢಿಗೂ ಎಲ್ಲೆಗಳಿವೆ. ಒಪ್ಪಂದ ಹೆಸರಿಸಿದ ಬೊಂಬೆಗಳಿಗೆ ಮಾತ್ರ ಅನ್ವಯಿಸುತ್ತದೆ. ಮೆಷಿನ್‌ಗನ್ ಎರಡು ಇಂಚು ಸರಿದರೆ ಹೊಸದಾಗಿ ನೋಡಬೇಕು, ‘ಯಾರಿಗೂ ಕಾಣದಂತೆ ನಿಲ್ಲಿಸಿದೆ’ ಎಂಬ ಸಾರಾಸಗಟು ಮಾತಿಗೆ ಬೆಲೆಯಿಲ್ಲ. ಹೇಳದೇ ಬಿಟ್ಟ ಉದ್ದೇಶವನ್ನು ಆಮೇಲೆ ನೆನಪಿಸಿಕೊಂಡು ಹೇಳುವುದೂ ಸಲ್ಲದು. ಕೆಲವರು ಇದನ್ನು ಒಪ್ಪುವುದಿಲ್ಲ. ಕೈ ತಪ್ಪದೆ ನಿಲ್ಲಿಸುವುದೂ ಕೌಶಲ, ಎದುರಾಳಿ ಎಡವಿದರೆ ಅದರ ಲಾಭ ತನಗೆ ಸೇರಬೇಕು ಎನ್ನುತ್ತಾರೆ. ಬಿಲಿಯರ್ಡ್ಸಿನಲ್ಲಿ ಆ ಮಾತು ಸರಿ, ಕೈಯ ಹದವೇ ಅಲ್ಲಿನ ಆಟ. ಬೊಂಬೆ ಕಾಳಗದಲ್ಲಿ ನಾವು ಪರೀಕ್ಷಿಸುತ್ತಿರುವುದು ಒಬ್ಬ ದಳಪತಿಯ ಯೋಚನೆಯನ್ನು. ಕಂಬದ ಹಿಂದೆ ನಿಂತಿರುವ ಸಿಪಾಯಿಗೆ ತನ್ನ ಮೊಣಕೈ ಹೊರಗಿದೆಯೇ ಎಂದು ತಾನೇ ನೋಡಿಕೊಳ್ಳುವ ಬುದ್ಧಿ ಇರುತ್ತದೆ.

ಇಷ್ಟೆಲ್ಲ ಆದರೂ ಸಂದೇಹ ಉಳಿಯುವ ಸಂದರ್ಭಗಳಿವೆ. ಇಬ್ಬರಿಗೂ ಒಂದೊಂದು ರೀತಿ ಕಂಡರೆ ದಾಳ ಹಾಕಿ ತೀರಿಸಿಕೊಳ್ಳುವುದು ಹಳೆಯ ಪದ್ಧತಿ, ಅದರಿಂದ ಆಟ ನಿಲ್ಲದೆ ಸಾಗುತ್ತದೆ. ಆದರೆ ಕಾಣುತ್ತದೆ ಎಂದು ಹೇಳುವವನೇ ಅದನ್ನು ತೋರಿಸಿಕೊಡಬೇಕು ಎಂಬ ನಿಯಮ ನನಗೆ ಹೆಚ್ಚು ಒಪ್ಪಿಗೆ. ತೋರಿಸಲಾಗದಿದ್ದರೆ ಮರೆಯಲ್ಲಿರುವವನು ಮರೆಯಲ್ಲೇ ಉಳಿಯಲಿ. ಹೊಡೆಯುವವನಿಗೆ ಆ ಸುತ್ತಿನಲ್ಲಿ ಬೇರೆ ಗುರಿ ಇರಬಹುದು, ಸತ್ತ ಬೊಂಬೆಗೆ ಇನ್ನೊಂದು ಸುತ್ತಿಲ್ಲ. ತೀರ್ಪುಗಾರರನ್ನು ಕರೆಯುವ ಸೌಕರ್ಯವಿದ್ದರೆ ಕರೆಯುವ ರೀತಿಯೊಂದಿದೆ. ಅವರು ಬಂದ ಕೂಡಲೇ ಇಬ್ಬರೂ ತಮ್ಮ ವಾದವನ್ನು ಒಪ್ಪಿಸತೊಡಗಿದರೆ ಅವರ ಕಣ್ಣು ವಾದವನ್ನೇ ಹುಡುಕುತ್ತದೆ. ಯಾರು ಹೊಡೆಯುತ್ತಿದ್ದಾರೆ, ಯಾರಿಗೆ ಎಷ್ಟು ಅಂಕ ಎಂಬುದನ್ನು ಹೇಳದೆ, ‘ಈ ಬೊಂಬೆಯಿಂದ ಆ ಬೊಂಬೆಗೆ ನಿಮಗೆ ಏನೇನು ಕಾಣುತ್ತದೆ?’ ಎಂದಷ್ಟೇ ಕೇಳಿ ಸುಮ್ಮನಿರಬೇಕು. 1824ರ ಮಧ್ಯಸ್ಥನಿಗೆ ಇದ್ದ ನಿರ್ಲಿಪ್ತತೆ ಅರ್ಧ ನಿಮಿಷದ ಮಟ್ಟಿಗಾದರೂ ಆಗ ಮರಳಿ ಸಿಗುತ್ತದೆ.

ಈಗ ಲಾರಿಯ ಹಿಂದಿನ ಸೇನಾಧಿಕಾರಿಯ ಬಳಿಗೆ ಹಿಂತಿರುಗಬಹುದು. ಅವನು ಕಂಡನೇ ಇಲ್ಲವೇ ಎಂದು ಆ ಹೊತ್ತಿನಲ್ಲಿ ಎಷ್ಟು ಹೊತ್ತು ಬಗ್ಗಿದರೂ ಪ್ರಯೋಜನವಿಲ್ಲ, ಏಕೆಂದರೆ ಪ್ರಶ್ನೆ ಹುಟ್ಟಿದ್ದು ಒಂದು ಸುತ್ತು ಹಿಂದೆ, ಅವನ ಒಡೆಯ ಅವನನ್ನು ಲಾರಿಯ ಹಿಂದೆ ಇಟ್ಟು ಕೈ ತೆಗೆದಾಗ. ‘ಮೇಲಿನ ಕಿಟಕಿಯಲ್ಲಿರೋನಿಗೆ ಇವನು ಕಾಣಬಾರದು’ ಎಂದು ಆಗ ಹೇಳಿದ್ದರೆ ಎದುರಾಳಿ ಮೊಬೈಲನ್ನು ತಲೆಕೆಳಗು ಮಾಡಿ ಕಿಟಕಿಯ ಹಿಂದೆ ಹಿಡಿದು ನೋಡುತ್ತಿದ್ದ. ‘ಕತ್ತಿ ಲೆಕ್ಕಕ್ಕಿಲ್ಲ ಅಂತ ಮೊದಲೇ ಮಾತಾಡಿದೀವಿ, ಆದರೆ ಟೋಪಿ ಕಾಣ್ತಿದೆ, ಒಂದು ಕೂದಲೆಳೆ ಹಿಂದಕ್ಕೆ ತಗೋ’ ಎನ್ನುತ್ತಿದ್ದ. ಅಧಿಕಾರಿ ಎರಡು ಮಿಲಿಮೀಟರ್ ಹಿಂದಕ್ಕೆ ಸರಿಯುತ್ತಿದ್ದ, ಇಬ್ಬರೂ ತೆರೆಯನ್ನು ನೋಡಿ ತಲೆಯಾಡಿಸುತ್ತಿದ್ದರು. ತನ್ನ ಸುತ್ತು ಬಂದಾಗ ಬಂದೂಕುಧಾರಿಯ ಒಡೆಯ ಆ ಕಿಟಕಿಯನ್ನು ನೆಚ್ಚಿಕೊಳ್ಳದೆ, ಅವನನ್ನು ಮೆಟ್ಟಿಲಿಳಿಸಿ ಬೀದಿಯ ಮೂಲೆಗೆ ತರುವುದೋ, ಅಲ್ಲೇ ಕಾಯಿಸುವುದೋ ಎಂದು ಯೋಚಿಸುತ್ತಾ ಟೇಪನ್ನು ಕೈಗೆತ್ತಿಕೊಳ್ಳುತ್ತಿದ್ದ.